ಬಸುರಿಯ ಬಿಳುಪು

ಗರ್ಭಿಣಿಯ ಮುಖ ಬೆಳ್ಳಗಾಗುವುದನ್ನು ನಮ್ಮ ಕವಿಗಳು ಸೊಗಸೆಂದೇ ಬಣ್ಣಿಸುತ್ತ ಬಂದಿದ್ದಾರೆ. ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಬಸುರಿ ಸುದಕ್ಷಿಣೆ ಮಣ್ಣು ತಿನ್ನುತ್ತಾಳೆ. ಆ ಮಣ್ಣಿನ ಕಂಪಿಗೆ ದಿಲೀಪ ಮರುಳಾಗುತ್ತಾನೆ. ಈ ಭಾಗ ನನಗೂ ಪ್ರಿಯವಾದದ್ದೇ. ಆದರೆ ಕಾವ್ಯದ ಬಿಳುಪು ಬೇರೆ, ನಿಮ್ಮ ಮನೆಯ ಮಗಳ ಇಲ್ಲವೆ ಸೊಸೆಯ ಬಿಳುಪು ಬೇರೆ. ನಾಲ್ಕು ಮೆಟ್ಟಿಲೇರಿದರೆ ಏದುಸಿರು, ಕೆಳರೆಪ್ಪೆಯನ್ನು ಎಳೆದು ನೋಡಿದರೆ ಕೆಂಪೇ ಇಲ್ಲ, ಗೋಡೆಯ ಮಣ್ಣು ಕೆರೆದು ತಿನ್ನುವ ಚಪಲ: ಇವನ್ನು ಬಯಕೆಯೆಂದು ನಕ್ಕು ಸುಮ್ಮನಾಗಬೇಡಿ. ಮೈಯಲ್ಲಿ ಕಬ್ಬಿಣದ ಅಂಶ ಕಡಮೆಯಾದಾಗಲೂ ಇಂಥ ಚಪಲ ಹುಟ್ಟುವುದುಂಟು.

ಅದು ಕಡಮೆಯಾಗಲು ಊಟದ ಬಡತನ ಒಂದು ಕಾರಣ. ಕಣ್ಣಿಗೆ ಬೀಳದ ಇನ್ನೊಂದು ಕಾರಣ ಕೊಕ್ಕೆಹುಳು. ಮಲದೊಡನೆ ನೆಲಕ್ಕೆ ಬಿದ್ದ ಇದರ ಮೊಟ್ಟೆ, ಅಡಕೆಯ ತೋಟದಂಥ ನೆರಳಿನ ಹಸಿ ಮಣ್ಣಿನಲ್ಲಿ ಒಡೆದು ಮರಿಯಾಗುತ್ತದೆ. ಆ ಮರಿ ಬರಿಗಾಲಿನ ಚರ್ಮವನ್ನು ತೂರಿ ರಕ್ತ ಸೇರಿ, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ನುಂಗಿದ ಉಗುಳಿನೊಡನೆ ಕರುಳಿಗಿಳಿಯುತ್ತದೆ. ಅಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ. ಆರ್ಥರ್ ಲೂಸ್ ಎಂಬ ಜರ್ಮನ್ ವಿದ್ವಾಂಸ 1898ರಲ್ಲಿ ಈ ಕಾಲಿನ ದಾರಿಯನ್ನು ಹೇಳಿದಾಗ ಹಲವರು ನಂಬಲಿಲ್ಲ! ಮಣ್ಣು ತಿಂದವರ ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಜಂತುಹುಳುವಿನ ಮೊಟ್ಟೆ. ಅದು ಬೇರೆಯ ಪೀಡೆ.

ಒಬ್ಬಳ ರಕ್ತದಲ್ಲಿ ಇಬ್ಬರು ಬದುಕುವ ಕಾಲದಲ್ಲಿ ಈ ಮೂರನೆಯ ಪಾಲುದಾರ ಬೇಡ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಇಳಿದರೆ ಅದು ರಕ್ತಹೀನತೆ. ತೀರ ಇಳಿದಿದ್ದರೆ, ಬೇರೆಯವರು ತಾಳಿಕೊಳ್ಳುವಷ್ಟು ರಕ್ತಸ್ರಾವವೇ ಹೆರಿಗೆಯಲ್ಲಿ ಅವಳ ಜೀವಕ್ಕೆ ಎರವಾಗಬಹುದು. ಕೂಸೂ ತೂಕವಿಲ್ಲದೆ ಹುಟ್ಟಬಹುದು.

ಮದ್ದು ಬಲು ಸುಲಭ. 400 ಮಿಲಿಗ್ರಾಮಿನ ಆಲ್ಬೆಂಡಜೋಲ್ ಮಾತ್ರೆ, ಒಂದೇ ಒಂದು, ಮೂರು ತಿಂಗಳು ತುಂಬಿದ ಮೇಲೆ. ಅದಕ್ಕೆ ಮೊದಲು ಕೂಡದು. ಅಂಗಡಿಯಿಂದ ತಾವೇ ತಂದು ಕೊಡುವುದೂ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಕಾಲಿಗೆ ಚಪ್ಪಲಿ, ಮನೆಗೆ ಕಕ್ಕಸು ಇರಲೇಬೇಕು. ಹುಳು ಹೋದರೂ ಹೋದ ರಕ್ತ ತಾನಾಗಿ ಬಾರದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆಯನ್ನೂ ನುಂಗಬೇಕು. ಅದರಿಂದ ಮಗು ಕಪ್ಪಾಗುತ್ತದೆ, ಹೆರಿಗೆ ಕಷ್ಟವಾಗುವಷ್ಟು ಬೆಳೆದುಬಿಡುತ್ತದೆ ಎಂಬ ಭಯ ಹಿರಿಯರಲ್ಲುಂಟು. ಕಪ್ಪಾಗುವುದು ಮಲ ಮಾತ್ರ, ಮಗುವಲ್ಲ. ಮಾತ್ರೆಯ ಹಿಂದೆಯೇ ಕಾಫಿ ಕುಡಿಯುವ ನಮ್ಮವರ ಅಭ್ಯಾಸವೊಂದು ಕೆಟ್ಟದ್ದು. ಕಬ್ಬಿಣ ಮೈಗೆ ಹತ್ತಲು ಕಾಫಿ ಬಿಡದು. ಎರಡಕ್ಕೂ ನಡುವೆ ಒಂದೆರಡು ಗಂಟೆಯ ಅಂತರವಿರಲಿ.