ಎತ್ತುವುದು, ಆನುವುದು

ಕನ್ನಡದಲ್ಲಿ ‘ಆನು’ ಎಂಬ ಹಳೆಯ ಕ್ರಿಯಾಪದವೊಂದಿದೆ. ಹೊರು, ತಾಳು, ಆಧಾರವಾಗಿ ನಿಲ್ಲು ಎಂದು ಅದರ ಅರ್ಥ. ಹೊಸಗನ್ನಡದ ಬರವಣಿಗೆಯಲ್ಲಿ ಅದು ಅಪರೂಪವಾದರೂ ಅದರಿಂದ ಹುಟ್ಟಿದ ‘ಆನಿಕೆ’ ಎಂಬ ಮಾತು ಇನ್ನೂ ಉಳಿದಿದೆ. ‘ಎತ್ತು’ ಎಂಬುದು ಬೇರೆಯೇ ಕ್ರಿಯೆ. ಎತ್ತುವ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆನುವ ಕೆಲಸ, ಕೆಳಗಿರುವ ಮನುಷ್ಯ ಹೊರಗೆ ಬರುವವರೆಗೂ ಮುಗಿಯುವುದಿಲ್ಲ. ಕನ್ನಡದ ಮಾಸ್ತರನೊಬ್ಬ ಆಕಾಶವಾಣಿಗೆ ಬಂದು ಮೋಟಾರು ರಿಪೇರಿಯ ವಿಷಯ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಈ ಎರಡು ಕ್ರಿಯೆಗಳನ್ನು ಒಂದೇ ಎಂದು ತಿಳಿದುದರಿಂದ ಜೀವಗಳು ಹೋಗುತ್ತವೆ. ಪದಗಳ ಅರ್ಥಭೇದ ಹೇಳುವುದೇ ನನ್ನ ಕಸುಬಾಗಿದ್ದುದರಿಂದ, ಈ ವಿಷಯ ನನಗೂ ಸೇರಿದ್ದೆಂದೇ ನಾನು ಭಾವಿಸುತ್ತೇನೆ.

ನನ್ನ ಊರು ಗದಗ ತಾಲೂಕಿನ ಹೊಂಬಳ. ಎರೆಯ ನಾಡು. ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ, ಒಂದು ಮಳೆ ಬಿದ್ದರೆ ಉಬ್ಬಿ ಅಂಟಾಗಿ ಕಾಲು ಕಚ್ಚುವ ಮಣ್ಣು ಅದು. ಜೋಳಕ್ಕೂ ಕಡಲೆಗೂ ಹತ್ತಿಗೂ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ಭಾರವನ್ನು ನಿಲ್ಲಿಸುವುದಕ್ಕೆ ಅದಕ್ಕಿಂತ ನಂಬಿಕೆಗೇಡಿಯಾದ ನೆಲವೂ ಇಲ್ಲ. ನನ್ನ ಬಾಲ್ಯದಲ್ಲಿ ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕುವಾಗ ಹಿರಿಯರು ಮೊದಲು ಅಚ್ಚಿನ ಕೆಳಗೆ ದಪ್ಪ ಮರದ ತುಂಡೊಂದನ್ನು ಊರುತ್ತಿದ್ದರು, ಅದರ ಬುಡಕ್ಕೆ ಹಲಗೆ ಹಾಸುತ್ತಿದ್ದರು. ಆ ಮೇಲೆಯೇ ಗಾಲಿ ಹೊರಗೆ ಬರುತ್ತಿತ್ತು. ಅಲ್ಲಿಯವರೆಗೆ ಹುಡುಗರು ಹತ್ತಿರ ಸುಳಿದರೆ ಬೈಗುಳ ಖಂಡಿತ. ಚಕ್ಕಡಿಯ ತೂಕವಾದರೂ ಎಷ್ಟು? ಇಂದು ಅದೇ ಎರೆಯ ಮೇಲೆ ಟನ್ನುಗಟ್ಟಲೆ ತೂಗುವ ಟ್ರ್ಯಾಕ್ಟರಿನ ಹಿಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಎರಡು ಇಟ್ಟಿಗೆ ಸರಿಸಿ, ಕೆಳಗೆ ನುಸುಳುವವರನ್ನು ಕಾಣುತ್ತೇನೆ. ಸುಟ್ಟ ಇಟ್ಟಿಗೆ ಬಾಗಿ ಎಚ್ಚರಿಸುವ ವಸ್ತುವಲ್ಲ, ಒಮ್ಮೆಲೇ ಒಡೆಯುವ ವಸ್ತು. ಇನ್ನು ಹೈಡ್ರಾಲಿಕ್ ಟ್ರೇಲರಿನ ತೊಟ್ಟಿಯನ್ನು ಮೇಲಕ್ಕೆತ್ತಿ, ಬರಿಯ ಎಣ್ಣೆಯ ಒತ್ತಡವನ್ನೇ ನೆಚ್ಚಿ ಅದರಡಿಯಲ್ಲಿ ತಲೆಯಿಡುವವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು.

ಈ ಸೀಮೆಯವರಿಗೆ ನೆಲ ಗಾಲಿ ನುಂಗುವ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ. ಕುಮಾರವ್ಯಾಸನ ಕಾವ್ಯವನ್ನು ಕನ್ನಡಿಗರು ಗದುಗಿನ ಭಾರತವೆಂದೇ ಕರೆದಿದ್ದಾರೆ. ಅದರ ಕರ್ಣಪರ್ವದಲ್ಲಿ ರಥದ ಗಾಲಿ ಹುದುಗಿ ಕರ್ಣ ಕೆಳಗಿಳಿಯುವ ಭಾಗವನ್ನು ತರಗತಿಯಲ್ಲಿ ಹೇಳುವಾಗ ನಾವು ಶಾಪವನ್ನೂ ವಿಧಿಯನ್ನೂ ದಾನಶೂರತ್ವವನ್ನೂ ಚರ್ಚಿಸುತ್ತಿದ್ದೆವು. ಈಚೆಗೆ ನನಗೆ ಆ ಸನ್ನಿವೇಶದ ಇನ್ನೊಂದು ಮುಖ ಕಾಣುತ್ತಿದೆ. ಗಾಲಿ ಎತ್ತುವ ತೋಳುಬಲ ಅವನಲ್ಲಿತ್ತು. ಸಾರಥಿಯ ನೆರವಿರಲಿಲ್ಲ, ಎತ್ತಿದುದನ್ನು ಆನುವವರು ಯಾರೂ ಇರಲಿಲ್ಲ. ಗಾಲಿಗೆ ಬಾಗಿದ ಮನುಷ್ಯ ಎಂಥ ವೀರನಾದರೂ ಆ ಹೊತ್ತಿಗೆ ಅಸಹಾಯನೇ.

ಜಾಕಿನ ತತ್ತ್ವ ಸರಳ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಪಾಸ್ಕಲ್ ಕಂಡುಕೊಂಡ. ಅದನ್ನು ಬಳಸಿ ಬ್ರಾಮಾ ಎಂಬ ಇಂಗ್ಲಿಷ್ ಕುಶಲಿ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟು ಪಡೆದ. ಸಣ್ಣ ಕೊಳವೆಯ ಮೇಲಿನ ಕೈಬಲ ದೊಡ್ಡ ಕೊಳವೆಯಲ್ಲಿ ಹಲವು ಪಟ್ಟಾಗುತ್ತದೆ. ಆದರೆ ಆ ಬಲವನ್ನೆಲ್ಲ ಒಳಗೆ ಹಿಡಿದಿಡುವುದು ಒಂದು ರಬ್ಬರಿನ ಬಳೆ. ಅದು ಸವೆದರೆ ಎಣ್ಣೆ ಜಿನುಗುತ್ತದೆ, ವಾಹನ ಇಳಿಯುತ್ತದೆ. ಗದಗಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನಮ್ಮೂರಿನ ತರುಣನೊಬ್ಬ ನನಗೆ ಇದನ್ನೇ ಒಂದು ಮಾತಿನಲ್ಲಿ ಹೇಳಿದ: “ಜಾಕ್ ಎತ್ತತೈತ್ರಿ ಸರ, ಹಿಡಕೊಂಡು ನಿಂದ್ರಂಗಿಲ್ಲ.” ನಿಘಂಟು ನೋಡಿ ನಾನು ತಿಳಿದ ಭೇದವನ್ನು ಅವನು ಎಣ್ಣೆಗೈಯಲ್ಲಿ ತಿಳಿದಿದ್ದ.

ಆದ್ದರಿಂದಲೇ ಗ್ಯಾರೇಜುಗಳಲ್ಲಿ ಜಾಕ್ ಸ್ಟ್ಯಾಂಡ್ ಎಂಬ ಉಕ್ಕಿನ ಆನಿಕೆ ಇರುತ್ತದೆ. ಅಗಲವಾದ ಕಾಲುಗಳು, ನಡುವೆ ಏರಿಳಿಯುವ ಕಂಬ. ಕೆಲವಕ್ಕೆ ತೂತಿನಲ್ಲಿ ದಪ್ಪ ಗೂಟ ತೂರಿಸುತ್ತಾರೆ. ಕೆಲವಕ್ಕೆ ಕಂಬದ ಮೈಯಲ್ಲಿ ಗರಗಸದಂತೆ ಹಲ್ಲುಗಳಿದ್ದು, ಒಂದು ಕಬ್ಬಿಣದ ನಾಲಗೆ ಹಲ್ಲಿನ ಸಂದಿಯಲ್ಲಿ ಕೂತು ಭಾರ ತಡೆಯುತ್ತದೆ. ಆನಿಕೆಯಿದ್ದರೆ ಭಯವಿಲ್ಲವೆಂದು ನಾನೂ ಕೇಳಿ ತೃಪ್ತನಾಗಬಹುದಿತ್ತು. ಆದರೆ ಆನಿಕೆಯೇ ಕೆಟ್ಟಿದ್ದರೆ?

ಇದು ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. 2020ರ ಮಾರ್ಚಿನಲ್ಲಿ ಅಮೆರಿಕದ ಹಾರ್ಬರ್ ಫ್ರೇಟ್ ಎಂಬ ಹತ್ಯಾರುಗಳ ದೊಡ್ಡ ಮಾರಾಟಸಂಸ್ಥೆ ತಾನು ಮಾರಿದ್ದ 3 ಟನ್ನು ಮತ್ತು 6 ಟನ್ನಿನ ಸ್ಟ್ಯಾಂಡುಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಿಂದಕ್ಕೆ ಕರೆಯಿತು. ತಯಾರಿಕೆಯ ಅಚ್ಚು ಹಳತಾಗಿ ಸವೆದಿತ್ತು. ಆದ್ದರಿಂದ ಹಲ್ಲಿನ ಸಂದಿಯಲ್ಲಿ ನಾಲಗೆ ಸಾಕಷ್ಟು ಆಳಕ್ಕೆ ಕೂರುತ್ತಿರಲಿಲ್ಲ. ವಾಹನ ತುಸು ಅಲುಗಿದರೆ ನಾಲಗೆ ಜಾರಿ ಕಂಬ ಕುಸಿಯುವ ಸಂಭವ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಕೂತಂತೆ ಸದ್ದೂ ಕೇಳುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ಜುಲೈಯಲ್ಲಿ, ಅವುಗಳ ಬದಲಿಗೆ ಬಂದ ಹೊಸ ಸ್ಟ್ಯಾಂಡುಗಳಲ್ಲಿಯೂ ಕೆಲವಕ್ಕೆ ಬೆಸುಗೆಯ ದೋಷವಿದೆಯೆಂದು ಅದೇ ಸಂಸ್ಥೆ ಮತ್ತೆ ಪ್ರಕಟಿಸಬೇಕಾಯಿತು.

ಅಲ್ಲಿ ತಪ್ಪು ನಡೆಯಿತೆಂಬುದಕ್ಕಿಂತ, ಅದನ್ನು ಹಿಂದಕ್ಕೆ ಕರೆಯುವ ಒಂದು ದಾರಿಯಿತ್ತೆಂಬುದು ನನಗೆ ಮುಖ್ಯವಾಗಿ ತೋರುತ್ತದೆ. ಆ ದೇಶದ ಹೆದ್ದಾರಿ ಸುರಕ್ಷೆಯ ಇಲಾಖೆ ಇಂಥ ಆನಿಕೆಯನ್ನೂ ವಾಹನದ ಸಲಕರಣೆಯೆಂದೇ ಎಣಿಸುತ್ತದೆ. ನಮ್ಮಲ್ಲಿ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 110ಎ ಕಲಮು ಸೇರಿ, 2021ರ ಏಪ್ರಿಲಿನಿಂದ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರ ಸರಕಾರಕ್ಕೆ ಬಂದಿದೆ. ಒಳ್ಳೆಯದೇ. ಆದರೆ ಆ ಕಲಮು ಹೆಸರಿಸುವುದು ಪರಿಸರವನ್ನು, ಚಾಲಕನನ್ನು, ಒಳಗೆ ಕುಳಿತವರನ್ನು, ರಸ್ತೆ ಬಳಸುವ ಇತರರನ್ನು. ವಾಹನದಡಿಯಲ್ಲಿ ಬೆನ್ನುಹಾಸಿ ಮಲಗಿದವನು ಒಳಗೂ ಇಲ್ಲ, ರಸ್ತೆಯ ಮೇಲೂ ಇಲ್ಲ. ಗ್ರಾಹಕ ಸಂರಕ್ಷಣೆಯ ಕಾಯಿದೆಯ ಮೇರೆಗೆ 2020ರಲ್ಲಿ ಸ್ಥಾಪನೆಯಾದ ಕೇಂದ್ರ ಪ್ರಾಧಿಕಾರ ಅಪಾಯಕಾರಿ ಸರಕನ್ನು ಹಿಂದೆ ತರಿಸಬಲ್ಲದು ನಿಜ. ತಯಾರಿಸಿದವನ ಹೆಸರೇ ಇಲ್ಲದ ಸರಕನ್ನು ಯಾರಿಂದ ತರಿಸಬೇಕು? ನಮ್ಮ ಪೇಟೆಗಳಲ್ಲಿ ನಾನು ತಿರುಗಿಸಿ ನೋಡಿದ ಹಲವು ಸ್ಟ್ಯಾಂಡುಗಳ ಮೇಲೆ ಹೆಸರಿರಲಿಲ್ಲ, ತಾಳುವ ತೂಕವೂ ಇರಲಿಲ್ಲ; ಬಣ್ಣ ಮಾತ್ರ ಕೆಂಪಗೆ ಹೊಳೆಯುತ್ತಿತ್ತು. ತೂಕ ಬರೆದಿದ್ದರೂ ಅದು ಒಂದಕ್ಕೋ ಜೋಡಿಗೋ ಎಂದು ಕೇಳಿ ತಿಳಿಯಬೇಕು.

ಹೀಗಿರುವಲ್ಲಿ ಪರೀಕ್ಷೆಯೆಲ್ಲ ಕೆಲಸ ಮಾಡುವವನ ಪಾಲಿಗೇ ಬರುತ್ತದೆ. ಆ ತರುಣನ ಗ್ಯಾರೇಜಿನಲ್ಲಿ ಒಂದು ಮುಂಜಾನೆ ಕುಳಿತು ನೋಡಿದೆ. ನೆಲಕ್ಕೂಗಾಲಿಗೂ ತಾಗಿರುವ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಸ್ಟ್ಯಾಂಡಿನ ಮೇಲೆ ಭಾರ ಇಳಿಸಿದ ಮೇಲೆ, ಕೆಳಗೆ ಹೋಗುವ ಮುನ್ನ, ಗಾಡಿಯನ್ನು ಎರಡೂ ಕೈಯಿಂದ ನೂಕಿ ಅಲುಗಿಸಿದ. ಬಿಚ್ಚಿದ ಗಾಲಿಯನ್ನು ಗೋಡೆಗೆ ಒರಗಿಸದೆ ಗಾಡಿಯ ಚೌಕಟ್ಟಿನಡಿಗೇ ಅಡ್ಡ ಮಲಗಿಸಿದ. ಎಲ್ಲವೂ ಕೈಬಿಟ್ಟರೆ ಅದಾದರೂ ತಡೆದೀತು. ಇದನ್ನು ಅವನಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಮೂಲೆಯಲ್ಲಿ ಇನ್ನೊಂದು ಸ್ಟ್ಯಾಂಡು ನಡುವೆ ಗ್ಯಾಸಿನಿಂದ ಕತ್ತರಿಸಿದ ಎರಡು ತುಂಡಾಗಿ ಬಿದ್ದಿತ್ತು. ಅದರ ಹಲ್ಲುಗಳ ಮೇಲೆ ಬೆರಳಾಡಿಸಿದೆ. ಎರಡು ಹಲ್ಲು ಬೋಳಾಗಿದ್ದವು. ಗುಜರಿಗೆ ಹಾಕುವ ವಸ್ತುವನ್ನು ಕತ್ತರಿಸಲು ಗ್ಯಾಸನ್ನೇಕೆ ಖರ್ಚು ಮಾಡಿದೆಯಪ್ಪಾ ಎಂದು ಕೇಳಿದೆ. ಅವನು ಕೈ ಒರಸಿಕೊಳ್ಳುತ್ತ ಹೇಳಿದ: “ಹಂಗ ಇಡೀದ ಹಾಕಿದ್ರ ನಾಳೆ ಮತ್ತೊಬ್ಬಾಂವ ಅಗ್ಗಕ್ಕ ಸಿಕ್ತಂತ ಒಯ್ದು ಗಾಡಿ ತೆಳಗ ಇಡ್ತಾನ್ರಿ ಸರ.”