ಎರಡನೆಯ ಗಣಕಭಾಷೆ: ಮುಂಬಯಿಯ ಜಾಲಪುಟ ರಚನಾಕಾರರಿಗೆ ಏಕೆ ಬೇಕು?

ಮುಂಬಯಿ ಮಹಾನಗರದಲ್ಲಿ ಒಂದೇ ಭಾಷೆಯನ್ನು ನಂಬಿ ದಿನ ಕಳೆಯುವವರು ವಿರಳ. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರಿನ ತರುಣರು ಮನೆಮಾತಿನ ಜೊತೆಗೆ ಮರಾಠಿ, ಹಿಂದಿಗಳನ್ನೂ ಕಲಿತರು. ಅವರಿಗೆ ಎರಡನೆಯ ಭಾಷೆ ಅಲಂಕಾರವಾಗಿರಲಿಲ್ಲ, ಅನ್ನದ ಮಾರ್ಗವಾಗಿತ್ತು. ಅದೇ ನಗರದಲ್ಲಿ ಅಂತರಜಾಲ ಪುಟಗಳನ್ನು ರಚಿಸುವ ಉದ್ಯೋಗಿಗಳಲ್ಲಿ ಹಲವರು ಒಂದೇ ಗಣಕಭಾಷೆಯ ಆಸರೆಯಲ್ಲಿ ವೃತ್ತಿಯನ್ನು ಕಟ್ಟಿಕೊಳ್ಳುವುದು ಸೋಜಿಗದ ಸಂಗತಿ. ಈ ಅಭ್ಯಾಸದಿಂದ ಒದಗುವ ಅಪಾಯ ಮತ್ತು ಅದಕ್ಕಿರುವ ಪರಿಹಾರ ಪ್ರಸ್ತುತ ಭಾಷಣದ ವಿಷಯವಾಗಿದೆ.

ಗಣಕಯಂತ್ರಕ್ಕೆ ಆದೇಶ ನೀಡಲು ಬಳಸುವ ಸಂಕೇತಬದ್ಧ ಭಾಷೆಯೇ ಗಣಕಭಾಷೆ ಅಥವಾ ಪ್ರೋಗ್ರಾಮಿಂಗ್ ಭಾಷೆ. ಯಂತ್ರ ಬದಲಾದಂತೆ ಭಾಷೆಯೂ ಬದಲಾಗುವುದು ಈ ನಗರಕ್ಕೆ ಹೊಸದಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದೇಶೀಯವಾಗಿ ನಿರ್ಮಾಣಗೊಂಡ ‘ಟಿಫ್ರಾಕ್’ ಗಣಕ 1960ರಲ್ಲಿ ಕಾರ್ಯಾರಂಭ ಮಾಡಿತು. 1964ರಲ್ಲಿ ಅಮೆರಿಕದಿಂದ ಸಿ.ಡಿ.ಸಿ. 3600 ಗಣಕ ಬಂದಾಗ, ಯಂತ್ರದ ಸಂಕೇತಗಳಿಗೆ ಒಗ್ಗಿದ್ದವರು ಫೋರ್ಟ್ರಾನ್ ಭಾಷೆಗೆ ಹೊರಳಬೇಕಾಯಿತು. ಬಿಡಿಸಬೇಕಾಗಿದ್ದ ಸಮೀಕರಣಗಳು ಮಾತ್ರ ಹಿಂದಿನವೇ ಆಗಿದ್ದವು.

ಅಂತರಜಾಲದ ಕಾಲದಲ್ಲಿ ಇದೇ ಪಾಠ ಹೆಚ್ಚು ಕಠೋರವಾಗಿ ಮರುಕಳಿಸಿತು. ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ 1995ರ ಆಗಸ್ಟ್ 15ರಂದು ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಜಾಲಪುಟಗಳ ಚಲನಚಿತ್ರ, ಆಟ, ಜಾಹೀರಾತು, ಪಾಠಸಾಮಗ್ರಿ ಇವುಗಳಿಗೆಲ್ಲ ‘ಫ್ಲ್ಯಾಶ್’ ಎಂಬ ತಂತ್ರಾಂಶ ಬಹುಮಟ್ಟಿಗೆ ಆಧಾರವಾಯಿತು. ಅದರ ಭಾಷೆ ಆಕ್ಷನ್‌ಸ್ಕ್ರಿಪ್ಟ್. ಮುಂಬಯಿಯ ಗೇಮ್ಸ್‌ಟುವಿನ್, 2006ರಲ್ಲಿ ಆರಂಭವಾದ ಜಪಾಕ್ ಮೊದಲಾದ ಆಟದ ತಾಣಗಳು ಈ ಅಲೆಯಲ್ಲಿ ಬೆಳೆದವು. ಆದರೆ 2007ರಲ್ಲಿ ಬಂದ ಐಫೋನ್ ಫ್ಲ್ಯಾಶ್‌ಗೆ ಎಡೆಗೊಡಲಿಲ್ಲ. 2017ರ ಜುಲೈಯಲ್ಲಿ ಅಡೋಬಿ ಸಂಸ್ಥೆ ಅದರ ಅಂತ್ಯವನ್ನು ಪ್ರಕಟಿಸಿತು. 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತು, 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರಿನಲ್ಲಿ ಆ ಚಿತ್ರಗಳು ತೆರೆದುಕೊಳ್ಳಲೇ ಇಲ್ಲ. ಗೇಮ್ಸ್‌ಟುವಿನ್ ಅಷ್ಟರಲ್ಲಿ ಮೊಬೈಲ್ ಆಟಗಳತ್ತ ತಿರುಗಿತ್ತು. ಮುನ್ಸೂಚನೆಗೆ ಹತ್ತು ವರ್ಷಗಳಿಗೂ ಮೀರಿದ ಅವಧಿಯಿದ್ದರೂ, ಕೈಯಲ್ಲಿ ಕೆಲಸ ತುಂಬಿರುವಾತನಿಗೆ ಅದು ಕಾಣಿಸುವುದು ಕಷ್ಟ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಕ್ಷನ್‌ಸ್ಕ್ರಿಪ್ಟ್ ಮತ್ತು ಇಂದಿನ ಜಾಲಪುಟಗಳ ಜಾವಾಸ್ಕ್ರಿಪ್ಟ್ ಒಂದೇ ಮಾನಕದಿಂದ ಕವಲೊಡೆದ ಭಾಷೆಗಳು. ಆಟಗಾರ ಗುಂಡಿ ಒತ್ತಿದಾಗ ಏನಾಗಬೇಕು, ಅಂಕ ಹೇಗೆ ಏರಬೇಕು ಎಂಬ ತರ್ಕ ಎರಡರಲ್ಲೂ ಒಂದೇ. ತರ್ಕವನ್ನು ಕಲಿತವನಿಗೆ ಹೊಸ ಭಾಷೆ ಕೆಲವು ತಿಂಗಳ ಶ್ರಮ. ಉಪಕರಣದ ಗುಂಡಿಗಳನ್ನು ಮಾತ್ರ ಕಂಠಪಾಠ ಮಾಡಿದವನಿಗೆ ಅದು ಮತ್ತೆ ಓನಾಮದಿಂದ ಆರಂಭ. ತರ್ಕ ಯಾವುದು, ಉಪಕರಣ ಯಾವುದು ಎಂಬ ವಿವೇಚನೆ ಒಂದೇ ಭಾಷೆ ಬಲ್ಲವನಿಗೆ ಸುಲಭವಾಗಿ ದಕ್ಕುವುದಿಲ್ಲ.

ಒಂದು ನಿದರ್ಶನ ಸಾಕು. ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಓಡಾಡುವ ಪ್ರಯಾಣಿಕನೊಬ್ಬ ಟಿಕೆಟ್ ಪುಟದ ಖಾನೆಯಲ್ಲಿ 10 ಎಂದು ತುಂಬುತ್ತಾನೆ, ಅದಕ್ಕೆ 5 ರೂಪಾಯಿ ಶುಲ್ಕ ಕೂಡಬೇಕು ಎಂದಿಟ್ಟುಕೊಳ್ಳೋಣ. ಖಾನೆಯಿಂದ ಬರುವ 10 ಸಾಮಾನ್ಯವಾಗಿ ಸಂಖ್ಯೆಯಲ್ಲ, ಅಕ್ಷರಮಾಲೆ. ಜಾವಾಸ್ಕ್ರಿಪ್ಟ್ ಎರಡನ್ನೂ ಅಕ್ಕಪಕ್ಕ ಜೋಡಿಸಿ, ಏನೂ ತಪ್ಪಾಗದಂತೆ, 105 ಎಂದು ತೋರಿಸುತ್ತದೆ. ಪೈಥಾನ್ ಭಾಷೆಯಾದರೋ ಅಕ್ಷರಕ್ಕೆ ಅಂಕಿಯನ್ನು ಕೂಡಿಸಲು ನಿರಾಕರಿಸಿ ಅಲ್ಲಿಯೇ ನಿಂತುಬಿಡುತ್ತದೆ. ಆ ನಿರಾಕರಣೆಯನ್ನು ಒಮ್ಮೆ ಅನುಭವಿಸಿದವನು ಮರಳಿ ಜಾವಾಸ್ಕ್ರಿಪ್ಟ್ ಬರೆಯುವಾಗ ಪ್ರತಿ ಖಾನೆಯನ್ನೂ ಅನುಮಾನದಿಂದ ನೋಡುತ್ತಾನೆ. ಹಾಗೆಯೇ 17 ಅಂಕಿಗಳ ರಸೀದಿ ಸಂಖ್ಯೆಯನ್ನು ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಯಾಗಿ ಇರಿಸಿದರೆ ಕೊನೆಯ ಅಂಕಿ ಬದಲಾಗಬಹುದು. 9,00,71,99,25,47,40,991ರ ಆಚೆಗೆ ಪೂರ್ಣಾಂಕಗಳ ನಿಖರತೆಗೆ ಅಲ್ಲಿ ಭರವಸೆಯಿಲ್ಲ. ಪೈಥಾನಿನ ಪೂರ್ಣಾಂಕಕ್ಕೆ ಇಂಥ ಮಿತಿಯಿಲ್ಲ. ಹಣದ ವ್ಯವಹಾರವೆಲ್ಲ ಜಾಲಪುಟಗಳಿಗೆ ಬಂದಿರುವಾಗ ಇವು ಕ್ಷುಲ್ಲಕ ದೋಷಗಳಲ್ಲ.

ಇದರ ಜೊತೆಗೆ, ಪುಟದ ಮುಂಭಾಗದಲ್ಲಿ ಮಾಡಿದ ಪರಿಶೀಲನೆಯನ್ನು ಚತುರ ಬಳಕೆದಾರ ತಪ್ಪಿಸಬಲ್ಲ. ನಿಜವಾದ ಪರಿಶೀಲನೆ ಹಿಂಬದಿಯ ಗಣಕದಲ್ಲಿ, ಅನೇಕ ವೇಳೆ ಜಾವಾ, ಪಿ.ಎಚ್.ಪಿ. ಅಥವಾ ಪೈಥಾನ್‌ನಲ್ಲಿ ನಡೆಯುತ್ತದೆ. ಆ ಭಾಷೆ ಅರಿಯದ ರಚನಾಕಾರ ಸಹೋದ್ಯೋಗಿಯ ಮಾತನ್ನು ನಂಬುವುದಲ್ಲದೆ ಬೇರೆ ದಾರಿ ಕಾಣನು.

ಕಲಿಯುವ ಭಾಷೆ ಮೊದಲಿನದಕ್ಕಿಂತ ಸ್ವಭಾವದಲ್ಲಿ ಭಿನ್ನವಾಗಿರುವುದು ಲೇಸು. ಟೈಪ್‌ಸ್ಕ್ರಿಪ್ಟ್ ಉಪಯುಕ್ತವೇ, ಆದರೆ ಜಾವಾಸ್ಕ್ರಿಪ್ಟ್ ಬಲ್ಲವನಿಗೆ ಅದು ನೆರೆಮನೆ. ಮೂರು ತಿಂಗಳಲ್ಲಿ ಐದು ಭಾಷೆಗಳನ್ನು ಕಲಿಸುವುದಾಗಿ ಸಾರುವ ಫಲಕಗಳಿಗೆ ಮರುಳಾಗಬೇಕಿಲ್ಲ. ಐದರ ಲೇಪನಕ್ಕಿಂತ ಒಂದರ ಅಭ್ಯಾಸವೇ ಮೇಲು.

ಶುಲ್ಕ ತೆರಲಾಗದವರಿಗೂ ಅವಕಾಶವಿದೆ. ಪೊವೈಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ನೆರವಿನಿಂದ ಬೆಳೆದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಪೈಥಾನ್, ಜಾವಾ, ಸಿ ಮುಂತಾದ ಭಾಷೆಗಳ ಪಾಠಗಳನ್ನು ಉಚಿತವಾಗಿ ಒದಗಿಸುತ್ತದೆ. ಅನೇಕ ಪಾಠಗಳು ಕನ್ನಡದಲ್ಲಿಯೂ ಇವೆ. ಒಂದೊಂದೂ ಸುಮಾರು ಹತ್ತು ನಿಮಿಷದ್ದು, ಶಿಕ್ಷಕರಿಲ್ಲದೆ ಕಲಿಯಲೆಂದೇ ರೂಪಿಸಿದ್ದು. ರೈಲಿನ ನೂಕುನುಗ್ಗಲಿನಲ್ಲಿ ಪಾಠ ಕೇಳಬಹುದಾದರೂ, ಕೇಳಿದ್ದನ್ನು ಅಂದೇ ರಾತ್ರಿ ಗಣಕದ ಮುಂದೆ ಕುಳಿತು ಸ್ವತಃ ಬರೆದು ನೋಡುವುದು ಅವಶ್ಯ. ಈಗಾಗಲೇ ಜಾವಾಸ್ಕ್ರಿಪ್ಟಿನಲ್ಲಿ ರಚಿಸಿದ ಒಂದು ಸಣ್ಣ ಪುಟದ ಲೆಕ್ಕವನ್ನು ಪೈಥಾನಿನಲ್ಲಿ ಮತ್ತೆ ಬರೆಯುವುದರಿಂದ ಆರಂಭಿಸಬಹುದು.