ಊರಿಗೆ ಹೋದವರ ಮನೆಯಲ್ಲಿ

ಡಿಸೆಂಬರ್ ತಿಂಗಳ ಮೂರನೆಯ ವಾರ ಕಳೆಯಿತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಪೆಟ್ಟಿಗೆಗಳ ಸಂಚಾರ ಆರಂಭವಾಗುತ್ತದೆ. ಶಾಲೆಗಳಿಗೆ ಕ್ರಿಸ್‌ಮಸ್ ರಜೆ. ಅನೇಕ ಕಚೇರಿಗಳಿಗೆ ವರ್ಷಾಂತ್ಯದ ಬಿಡುವು. ಕೊಡಗಿಗೆ ಹೋಗುವವರು, ಗೋವಾಕ್ಕೆ ಹೋಗುವವರು, ಮಗಳ ಮನೆಗೆಂದು ಸಮುದ್ರ ದಾಟುವವರು, ಎಲ್ಲರೂ ಬೀಗ ಹಾಕುವ ಮುನ್ನ ಒಮ್ಮೆ ಹಿಂದಿರುಗಿ ನೋಡುತ್ತಾರೆ. ನಾಯಿಯೋ ಬೆಕ್ಕೋ ಇರುವ ಮನೆಯಾದರೆ ಆ ನೋಟ ಸ್ವಲ್ಪ ದೀರ್ಘವಾಗುತ್ತದೆ. ಅಂಥವರು ಬೀಗದ ಕೈಯನ್ನು ನನಗೆ ಒಪ್ಪಿಸಿ ಹೋಗುತ್ತಾರೆ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಒದಗಿಬಂದ ಉದ್ಯೋಗವಿದು. ಇದಕ್ಕೀಗ ಪೆಟ್ ಸಿಟ್ಟಿಂಗ್ ಎಂಬ ಹೆಸರಿದೆ. ದಿನಕ್ಕಿಷ್ಟೆಂಬ ದರವೂ ಇದೆ. ಮೊದಲ ಸಲ ಹಣ ತೆಗೆದುಕೊಂಡಾಗ ನಾಚಿಕೆಯಾಯಿತು. ನಾನು ಹುಟ್ಟಿದ ಹಳ್ಳಿಯಲ್ಲಿ ನೆರೆಮನೆಯ ದನಕ್ಕೆ ಹುಲ್ಲು ಹಾಕಿ ಕೂಲಿ ಕೇಳಿದವರಿಲ್ಲ. ಆಮೇಲೆ ಇನ್ನೊಂದು ಮಾತು ಹೊಳೆಯಿತು. ಆ ಮನೆಗಳಿಗೆ ಬೀಗವೇ ಬೀಳುತ್ತಿರಲಿಲ್ಲ. ಜಾತ್ರೆಗೆಂದು ಎಲ್ಲರೂ ಗಾಡಿ ಹತ್ತಿದರೂ ಅಜ್ಜಿಯೊಬ್ಬಳು ಹಿಂದೆ ಉಳಿಯುತ್ತಿದ್ದಳು: ದೀಪ ಹಚ್ಚಲು, ಹಾಲು ಕರೆಯಲು, ನಾಯಿಗೆ ಅನ್ನ ಹಾಕಲು. ಅವಳಿಗೆ ಜಾತ್ರೆ ನೋಡುವ ಆಸೆಯಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ. ನಾನು ಕೂಲಿ ಪಡೆದು ಮಾಡುತ್ತಿರುವುದು ಅವಳು ಪುಕ್ಕಟೆಯಾಗಿ ಮಾಡಿದ ಕೆಲಸವನ್ನೇ.

ಮೇಲುನೋಟಕ್ಕೆ ಕೆಲಸ ಸುಲಭ. ನಾಯಿಗೆ ಉಣ್ಣುವ ಹೊತ್ತು, ತಟ್ಟೆ, ತಿರುಗಾಡುವ ದಾರಿ ಯಾವುದೂ ಬದಲಾಗಕೂಡದು. ಬೆಕ್ಕು ಮನೆಯನ್ನು ನೆಚ್ಚಿದ ಪ್ರಾಣಿ. ಅದನ್ನು ಬೇರೆಡೆಗೆ ಒಯ್ಯುವುದಕ್ಕಿಂತ ನಾವೇ ಅದರ ಬಳಿಗೆ ಹೋಗುವುದು ಲೇಸು. ಬೆಕ್ಕು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಹಬ್ಬದ ಕಾಲದ ಅಪಾಯಗಳು ಬೇರೆ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ವಿಷ. ಪ್ಲಮ್ ಕೇಕಿನ ಒಣದ್ರಾಕ್ಷಿ ಅದರ ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ನೆರೆಯವರು ನಾಯಿಗೆಂದು ಪ್ರೀತಿಯಿಂದ ಕೊಟ್ಟ ತುಂಡನ್ನು ನಾನೇ ತಿಂದು ಮುಗಿಸಬೇಕಾಗುತ್ತದೆ. ಈ ವೃತ್ತಿಯ ಸುಖಗಳಲ್ಲಿ ಅದೂ ಒಂದು.

ಆದರೆ ನಿಜವಾದ ಕಷ್ಟವನ್ನು ಯಾರೂ ಚೀಟಿಯಲ್ಲಿ ಬರೆದಿಟ್ಟು ಹೋಗುವುದಿಲ್ಲ. ಅಳುವ ಮಗುವಿಗೆ ‘ಅಮ್ಮ ಭಾನುವಾರ ಬರುತ್ತಾಳೆ’ ಎನ್ನಬಹುದು. ನಾಯಿಗೆ ಭಾನುವಾರವೆಂಬುದಿಲ್ಲ. ಅದರ ಪಾಲಿಗೆ ಹೋದವರು ಹೋದರು, ಅಷ್ಟೆ.

ಒಂದು ವರ್ಷ ಹನ್ನೆರಡು ವಯಸ್ಸಿನ ಮುದಿನಾಯಿಯೊಂದು ನನ್ನ ಪಾಲಿಗೆ ಬಂದಿತ್ತು. ಮನೆಯ ದಂಪತಿಗಳು ಹತ್ತು ದಿನಕ್ಕೆಂದು ಪರದೇಶದ ಮಗಳ ಬಳಿಗೆ ಹೋಗಿದ್ದರು. ಮೊದಲ ದಿನ ಅದು ಗೇಟಿನ ಬಳಿಯಿಂದ ಏಳಲಿಲ್ಲ, ಅನ್ನ ಮುಟ್ಟಲಿಲ್ಲ. ರಾತ್ರಿ ದೂರವಾಣಿಯಲ್ಲಿ ‘ಹೇಗಿದ್ದಾನೆ?’ ಎಂದು ಕೇಳಿದರು. ‘ಚೆನ್ನಾಗಿದ್ದಾನೆ’ ಎಂದೆ. ಅಷ್ಟು ದೂರ ಹೋದವರ ಸಂತೋಷವನ್ನು ಏಕೆ ಕೆಡಿಸಬೇಕು ಎಂಬುದು ನನ್ನ ಸಮಾಧಾನ. ಎರಡನೆಯ ದಿನವೂ ಅದೇ ಉಪವಾಸ, ಅದೇ ಸುಳ್ಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಯಿ ಸತ್ತರೆ ಎಂಬ ಭಯಕ್ಕಿಂತ, ಸತ್ತರೆ ಏನೆಂದು ಹೇಳಲಿ ಎಂಬ ಭಯವೇ ಹೆಚ್ಚಾಗಿತ್ತೆಂದು ಇಂದು ಒಪ್ಪಿಕೊಳ್ಳಬೇಕು.

ಮೂರನೆಯ ದಿನ ಬೆಳಿಗ್ಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಫೋನನ್ನು ಅದರ ಕಿವಿಗೆ ಹಿಡಿಯಿರಿ ಎಂದರು. ಯಜಮಾನರ ದನಿ ಕೇಳಿದ್ದೇ ತಡ, ಮುದಿನಾಯಿ ಎದ್ದು ಬಾಗಿಲ ಹಿಂದೆ, ಮಂಚದ ಕೆಳಗೆ, ಮಹಡಿಯ ಮೆಟ್ಟಿಲ ಮೇಲೆ ಅವರನ್ನು ಹುಡುಕಿತು. ಎಲ್ಲೂ ಕಾಣದೆ ಮತ್ತೆ ಗೇಟಿಗೆ ಬಂದು ಮಲಗಿತು. ಅದನ್ನು ಎರಡನೆಯ ಸಲ ವಂಚಿಸಿದಂತಾಯಿತು. ವೈದ್ಯರನ್ನು ಕರೆಸಿದೆ, ಕಾಯಿಲೆಯೇನೂ ಕಾಣಲಿಲ್ಲ. ಕೊನೆಗೆ ಆ ಮನೆಯಾಕೆಯೇ ನೆನಪಿಸಿಕೊಂಡು, ಒಗೆಯದ ಹಳೆಯ ಶಾಲೊಂದು ಬುಟ್ಟಿಯಲ್ಲಿದೆಯೆಂದರು. ಅದನ್ನು ಹಾಸಿದೆ. ನಾಯಿ ಬಹಳ ಹೊತ್ತು ಮೂಸಿ, ಅದರ ಮೇಲೆ ಸುರುಳಿಯಾಗಿ ಮಲಗಿತು. ಸಂಜೆ ನಾಲ್ಕು ತುತ್ತು ಮೊಸರನ್ನ ತಿಂದಿತು. ನಾನು ಮೊದಲ ದಿನವೇ ನಿಜ ಹೇಳಿದ್ದರೆ ಆ ಶಾಲೂ ಮೊದಲ ದಿನವೇ ಸಿಕ್ಕುತ್ತಿತ್ತು.

ಡಿಸೆಂಬರ್ 31ರ ನಡುರಾತ್ರಿ ಪಟಾಕಿಗಳು ಸಿಡಿದಾಗ ಕಿಟಕಿಯಿಲ್ಲದ ಸಣ್ಣ ಕೋಣೆಯೊಂದರಲ್ಲಿ ನಾವಿಬ್ಬರೂ ಆ ಶಾಲಿನ ಮೇಲೆ ಕುಳಿತು ಹೊಸ ವರ್ಷವನ್ನು ಬರಮಾಡಿಕೊಂಡೆವು.

ಅಂಥ ಹೊತ್ತಿನಲ್ಲಿ ನನಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನೆನಪಾಗುತ್ತದೆ. ಹತ್ತನೆಯ ಶತಮಾನದ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ ರಾಜನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದು ದೊಡ್ಡ ಹಂದಿಯೊಂದಿಗೆ ಹೋರಾಡಿ ಅದರ ಜೊತೆಗೇ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುವುದೆಂದು ಅಲ್ಲಿನ ಗೊರವನಿಗೆ ಕಟ್ಟಳೆಯನ್ನೂ ಬರೆಸಿದ. ಸಾವಿರ ವರ್ಷದ ಹಿಂದೆಯೂ ಒಬ್ಬನಿಗೆ ಬೇರೊಬ್ಬನ ನಾಯಿಯನ್ನು ವಹಿಸಿಕೊಡಲಾಗಿತ್ತು. ಅದಕ್ಕೆ ಸಲ್ಲಬೇಕಾದುದು ಸಂದ ಮೇಲೆಯೇ ಅವನ ಊಟ. ನನ್ನ ವೃತ್ತಿಗೆ ಇದಕ್ಕಿಂತ ಬೇರೆ ನಿಯಮ ಬೇಕಿಲ್ಲ.

ಜನವರಿ ಎರಡರಂದು ದಂಪತಿಗಳು ಮರಳಿದರು. ಗೇಟಿನ ಸದ್ದಿಗೆ ಮುದಿನಾಯಿ ನನ್ನನ್ನು ತಳ್ಳಿಕೊಂಡೇ ಓಡಿತು. ಕಾಫಿ ಕುಡಿದು ನಾನು ಎದ್ದಾಗಲೂ ತಿರುಗಿ ನೋಡಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಆಮೇಲೆ ನನ್ನ ಬಳಿ ಬಂದವರೆಲ್ಲರಲ್ಲೂ ಎರಡು ಮಾತು ಕೇಳುತ್ತೇನೆ. ಒಗೆಯದ ಬಟ್ಟೆಯೊಂದನ್ನು ಬಿಟ್ಟುಹೋಗಿರಿ. ಮತ್ತು, ನಾನು ಹೇಳುವ ಸುದ್ದಿ ಪ್ರತಿದಿನವೂ ಸಿಹಿಯಾಗಿಯೇ ಇರಲೆಂದು ಬಯಸದಿರಿ.